ಮಕ್ಕಳು ತಾವಾಗಿಯೇ ಕಲಿಯುವಂತೆ ಪಾಲಕರು ಏನು ಮಾಡಬಹುದು?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಕಾಳಗಿಯಲ್ಲಿ ಜರುಗಿದ ಪಾಲಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿ ಹಬ್ಬದ ಸಮಿತಿಯವರು ಈ ವಿಷಯದ ಮೇಲೆ ಮಾತಾಡ್ರಿ ಅಂದಾಗ ನಾವು ಮೊದಲು ಒಲ್ಲೆ ಅಂದೆವು. ನಾವು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ದಡ ಮುಟ್ಟಿದ ಲೆಕ್ಕದಲ್ಲಿ. ನಮಗಿಂತ ಬಹಳ ಓದಿದ ಮಾಸ್ತರರು ಈ ಸಭೆಯಲ್ಲಿಯೇ ಇದ್ದಾರೆ. ಆದರೆ ಅಧ್ಯಕ್ಷರು ಬಿಡಲಿಲ್ಲ. "ಮಾಸ್ತರರು ಹೇಳೋದು ಪಾಲಕರು ಹತ್ತು ಸಲ ಕೇಳ್ಯಾರ, ಪಾಲಕರು ಹೇಳೋದು ಒಂದು ಸಲ ಕೇಳ್ಲಿ" ಅಂದರು. ಹಂಗಾಗಿ ನಿಂತಿದ್ದೇವೆ. ತಪ್ಪಿದ್ದರೆ ಇಲ್ಲಿಯೇ ತಿದ್ದಬೇಕು, ಮನೆಗೆ ಹೋಗಿ ಆಡಿಕೊಳ್ಳಬಾರದು.

ಸಾಲ, ಬೀಜ, ಗೊಬ್ಬರದ ಸಂಘಕ್ಕೆ ಮಕ್ಕಳ ಓದಿನ ಉಸಾಬರಿ ಯಾಕೆ ಎಂದು ಕೆಲವರು ಕೇಳಿದ್ದಾರೆ. ಸಹಕಾರ ಸಂಘಗಳಿಗೆ ಜಗತ್ತಿನಾದ್ಯಂತ ಏಳು ತತ್ವಗಳಿವೆ. ಈಗ ನಡೆಯುತ್ತಿರುವುದು 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿದ ರೂಪ. ಅದರಲ್ಲಿ ಐದನೆಯದು ಶಿಕ್ಷಣ, ತರಬೇತಿ, ಮಾಹಿತಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಪತ್ತಿನ ಸಂಘ ಅಂದರೆ ರೈತ ತನ್ನ ಲೆಕ್ಕ ತಾನು ನೋಡಿಕೊಳ್ಳುವಂತಾಗಬೇಕು ಎಂಬುದೇ ಅಲ್ಲವೇ? ತನ್ನ ಪಾಸ್‌ಬುಕ್ಕು ತಾನು ಓದಲಾರದ ಸದಸ್ಯ ಇದ್ದರೆ ಸಂಘ ಅರ್ಧ ಬೆಳೆದಂಗ. ನಮ್ಮ ಮಕ್ಕಳು ನಾಳೆ ಇದೇ ಸಂಘದ ಸದಸ್ಯರು.

ಈಗ ಮನಸ್ಸಿಗೆ ಕಷ್ಟವಾಗುವ ಮಾತು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂದಾಗ ದಕ್ಷಿಣ ಕನ್ನಡ ಜಿಲ್ಲೆ ನೂರಕ್ಕೆ 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ನಮ್ಮ ಕಲಬುರಗಿ ಜಿಲ್ಲೆ 42.43. ಇಡೀ ರಾಜ್ಯಕ್ಕೆ ಕೊನೆಯ ಸ್ಥಾನ. ನೂರು ಮಕ್ಕಳಲ್ಲಿ ಐವತ್ತೇಳು ಮಂದಿ ನಪಾಸಾಗಿ ಮನೆಗೆ ಬಂದರು. ಆ ಮಕ್ಕಳು ದಡ್ಡರೇನು? ಸಂತೆಯಲ್ಲಿ ಕಾಯಿಪಲ್ಯ ಮಾರುವ ಹುಡುಗ ಬಾಯಿಲೆಕ್ಕದಲ್ಲಿ ನಮ್ಮನ್ನು ಮೀರಿಸುತ್ತಾನೆ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ, ಸಾಲಿಯಲ್ಲಿ ಕನ್ನಡ, ತಂದೆ-ತಾಯಿ ದುಡಿಯಲು ಹೋದಾಗ ಮುಂಬಯಿಯಲ್ಲಿ ಹಿಂದಿ, ಹೈದರಾಬಾದಿನಲ್ಲಿ ತೆಲುಗು ಮಾತಾಡುತ್ತಾರೆ. ಯಾವ ಮಾಸ್ತರರೂ ಕಲಿಸಿಲ್ಲ, ತಾವೇ ಕಲಿತಿದ್ದಾರೆ. ಹಾಗಾದರೆ ಪುಸ್ತಕದ ಮುಂದೆ ಕುಂತಾಗ ಅದೇ ಮಗು ಯಾಕೆ ಬೇರೆಯವರ ಬಾಯಿ ನೋಡುತ್ತದೆ?

ಶಿಕ್ಷಕರ ಹುದ್ದೆ ಖಾಲಿ ಅವ, ಕೋಣೆ ಸೋರ್ತಾವ, ಬಸ್ಸು ಬರೋದಿಲ್ಲ, ಇದೆಲ್ಲ ಖರೆ. ಅದಕ್ಕೆ ಸರಕಾರವನ್ನು ಕೇಳೋಣ, ಕೇಳಲೇಬೇಕು. ಸಂವಿಧಾನದ 371(ಜೆ) ಬಂದದ್ದು ಈ ಭಾಗ ಹಿಂದುಳಿದಿದೆ ಎಂದೇ. ನಮ್ಮ ಅಜ್ಜನವರ ಕಾಲದಲ್ಲಿ ಇಲ್ಲಿ ನಿಜಾಮರ ಆಳಿಕೆ, ಸಾಲಿ ಕಾಣುವುದೇ ಅಪರೂಪ, ಕಂಡರೂ ಉರ್ದು. 1948ರ ನಂತರವೇ ಕನ್ನಡದ ಅಕ್ಷರ ಊರೂರಿಗೆ ಬಂದದ್ದು. ಇದೆಲ್ಲ ಒಪ್ಪೋಣ. ಆದರೆ ಇವತ್ತು ಸರಕಾರದವರು ಯಾರೂ ಇಲ್ಲಿ ಕುಂತಿಲ್ಲ, ಕುಂತಿರುವವರು ನಾವು. ಆದ್ದರಿಂದ ನಮ್ಮ ಪಾಲಿನ ತಪ್ಪನ್ನೇ ಹೇಳುತ್ತೇವೆ.

ಪರೀಕ್ಷೆಯ ದಿನ ಸಾಲಿಯ ಕಂಪೌಂಡಿನ ಹೊರಗೆ ಯಾರು ನಿಲ್ಲುತ್ತಿದ್ದರು? ಕಿಟಕಿಗೆ ಚೀಟಿ ಒಗೆಯುವವರು ಯಾರು? ಅಣ್ಣ, ಕಾಕಾ, ಮಾವ, ಕೆಲವು ಕಡೆ ಅಪ್ಪನೇ. ಯಾವ ಊರು, ಯಾವ ಸಾಲಿ ಎಂದು ಹೆಸರು ಬೇಡ. ಒಂದು ವರ್ಷ ನಾವೂ ನಮ್ಮ ಸಂಬಂಧಿಕರ ಹುಡುಗನಿಗಾಗಿ ಹಾಗೆ ನಿಂತಿದ್ದೆವು. ಹೇಳಲು ನಾಚಿಕೆ, ಆದರೂ ಹೇಳುತ್ತೇವೆ. ಸಹಾಯ ಮಾಡುತ್ತಿದ್ದೇವೆ ಎಂದೇ ಆಗ ತಿಳಿದಿದ್ದೆವು. 2024ರಿಂದ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರುವಾಯಿತು. ಚೀಟಿ ನಿಂತಿತು, ಫಲಿತಾಂಶ ಕುಸಿಯಿತು. ಕ್ಯಾಮೆರಾ ಯಾರ ಅಂಕವನ್ನೂ ಕಸಿದುಕೊಳ್ಳಲಿಲ್ಲ, ಇದ್ದದ್ದನ್ನು ಇದ್ದಂಗ ತೋರಿಸಿತು.

ಆ ವರ್ಷವೇ ನಮ್ಮ ಹಿರಿಮಗ ಎಸ್ಸೆಸ್ಸೆಲ್ಸಿಗೆ ಕುಂತಿದ್ದ. ಎಂಟು, ಒಂಬತ್ತನೆಯ ಇಯತ್ತೆಯಲ್ಲಿ ಒಳ್ಳೆಯ ಅಂಕ ತಂದವನು. ಗೈಡು ತಂದುಕೊಟ್ಟಿದ್ದೆವು, ಟ್ಯೂಶನ್ನಿಗೆ ರೊಕ್ಕ ಕಟ್ಟಿದ್ದೆವು, ಮುಂಜಾನಿ ಐದಕ್ಕೆ ಎಬ್ಬಿಸುತ್ತಿದ್ದೆವು. "ಓದು, ಓದು" ಎಂದು ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಿದ್ದೆವು. ಗಣಿತದಲ್ಲಿ ನಪಾಸಾದ.

ಅದು ಮೇ ತಿಂಗಳು, ಗೊಬ್ಬರ ತರುವ ಹೊತ್ತು. ಅವನೂ ನಮ್ಮ ಜೊತೆ ಸಂಘಕ್ಕೆ ಬಂದಿದ್ದ. ಡಿಎಪಿ ಚೀಲದ ಮೇಲೆ 18-46-0 ಎಂದು ಬರೆದಿದೆಯಲ್ಲ, ಅದರ ಅರ್ಥ ಏನು ಎಂದು ಸುಮ್ಮನೆ ಕೇಳಿದೆವು. ಅವನಿಗೆ ಗೊತ್ತಿಲ್ಲ. ಖರೆ ಹೇಳಬೇಕೆಂದರೆ ಇಪ್ಪತ್ತು ವರ್ಷ ಆ ಚೀಲ ಹೊತ್ತ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಶೇಕಡಾ ಲೆಕ್ಕವನ್ನು ಪುಸ್ತಕದಲ್ಲಿ ಎಷ್ಟೋ ಸಲ ಬರೆದ ಹುಡುಗ, ಅದೇ ಶೇಕಡಾ ಚೀಲದ ಮೇಲೆ ಕುಂತಾಗ ಗುರುತು ಹಿಡಿಯಲಿಲ್ಲ. ಆಗ ನಮಗೆ ಹೊಳೆಯಿತು, ಇವನು ಲೆಕ್ಕ ಕಲಿತಿಲ್ಲ, ಉತ್ತರ ಕಲಿತಿದ್ದಾನೆ. ಉತ್ತರ ಕಲಿಸಿದವರು ನಾವೇ.

ರೈತ ಬಾಂಧವರೇ, ನಾವು ಎಡಿ ಹೊಡೆಯಲು ಹ್ಯಾಂಗ ಕಲಿತೆವು, ನೆನಪು ಮಾಡಿಕೊಳ್ಳಿ. ಮೊದಲ ದಿನ ಅಪ್ಪ ಎಡಿಕುಂಟಿ ತಾನೇ ಹಿಡಿದು ನಮ್ಮನ್ನು ಪಕ್ಕದಲ್ಲಿ ನಡೆಸಿದ. ಮರುದಿನ ನಮ್ಮ ಕೈ ಮೇಲೆ ತನ್ನ ಕೈ ಇಟ್ಟ. ಆಮೇಲೆ ಬರೇ ಜೊತೆ ನಡೆದ. ಒಂದು ದಿನ ಬದುವಿನ ಮೇಲೆ ಹೋಗಿ ಕುಂತುಬಿಟ್ಟ. ಎತ್ತು ನಮ್ಮ ಮಾತು ಕೇಳಲಿಲ್ಲ, ಕುಂಟಿ ಸಾಲು ಬಿಟ್ಟು ಹೋಯಿತು, ಕಣ್ಣೆದುರೇ ಹತ್ತು ಹದಿನೈದು ತೊಗರಿ ಗಿಡ ಕಡಿದು ಬಿದ್ದವು. ಅಪ್ಪ ಅಲ್ಲಿಂದಲೇ ನೋಡಿದ. ಎದ್ದು ಬರಲಿಲ್ಲ. ಸಂಜೆ ಮನೆಗೆ ಬರುವಾಗ ಒಂದೇ ಮಾತು ಕೇಳಿದ: "ಯಾವ ಕಡೀಗಿ ಎಳೀತು?" ನಾವು ಎಡಗಡೆ ಅಂದೆವು. "ಯಾಕ?" ಅಂದ. ರಾತ್ರಿಯೆಲ್ಲ ಅದೇ ವಿಚಾರ. ಮರುದಿನ ಸರಿಹೋಯಿತು.

ಹತ್ತು ಗಿಡ ಹೋದರೂ ಮಗ ಕಲಿಯಲಿ ಎಂದ ಅಪ್ಪನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಅವನ ಮಗನಾದ ನಾವು ಎಸ್ಸೆಸ್ಸೆಲ್ಸಿ ಓದಿದವರು, ನಮ್ಮ ಮಗ ಒಂದು ಲೆಕ್ಕ ತಪ್ಪು ಮಾಡಿದರೆ ಸಾಕು, ಪೆನ್ನು ಕಸಿದುಕೊಂಡು "ಇಕ್ಕೋ ಹಿಂಗ" ಎಂದು ನಾವೇ ಬರೆದು ಕೊಡುತ್ತಿದ್ದೆವು. ಇಲ್ಲದಿದ್ದರೆ "ನಿನ್ನ ತಲ್ಯಾಗ ಏನದ?" ಎಂದು ಬೈಯುತ್ತಿದ್ದೆವು. ಹೊಲದಲ್ಲಿ ತಪ್ಪಿಗೆ ಜಾಗ ಇತ್ತು, ಪಾಟಿಯ ಮೇಲೆ ಇರಲಿಲ್ಲ.

ಸಾಲಿಯವರು ಇದನ್ನು ಬಹಳ ಹಿಂದೆಯೇ ತಿಳಿದಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶಿಕ್ಷಕರು 'ನಲಿ-ಕಲಿ' ಶುರು ಮಾಡಿದರು. ಮುಂದೆ ಅದು ರಾಜ್ಯದ ಕನ್ನಡ ಸರಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗಳಿಗೆ ಬಂತು. ಅಲ್ಲಿ ಮಗು ತನ್ನ ವೇಗದಲ್ಲಿ ಏಣಿ ಹತ್ತಿದಂತೆ ಮೆಟ್ಟಿಲು ಮೆಟ್ಟಿಲು ಮುಂದೆ ಹೋಗುತ್ತದೆ. ಮೊದಲು ಶಿಕ್ಷಕರ ಪೂರ್ಣ ಬೆಂಬಲ, ಆಮೇಲೆ ಸ್ವಲ್ಪ ಬೆಂಬಲ, ಆಮೇಲೆ ಜೊತೆಯ ಮಕ್ಕಳ ಬೆಂಬಲ, ಕೊನೆಗೆ ತಾನೇ ಕಲಿಯುವುದು. ಅಪ್ಪ ಎಡಿ ಕಲಿಸಿದ್ದೂ ಇದೇ ಕ್ರಮ ಅಲ್ಲವೇ? ನಲಿ-ಕಲಿ ಬಂದಾಗ ನಾವು ಪಾಲಕರು ಏನಂದೆವು? "ಮಾಸ್ತರರು ಹಲಗಿ ಮೇಲೆ ಬರೆಯೋದಿಲ್ಲ, ಮಕ್ಕಳು ಬರೇ ಕಾರ್ಡು ಹಿಡಿದು ಆಡ್ತಾವ." ಮನೆಯಲ್ಲಿ ಒಂದು ರೀತಿ, ಸಾಲಿಯಲ್ಲಿ ಇನ್ನೊಂದು ರೀತಿ ಆದರೆ ಮಗು ಯಾರ ಮಾತು ಕೇಳಬೇಕು?

ನಮ್ಮ ಮಗನ ಕಥೆ ಮುಗಿಯಲಿಲ್ಲ. ಕಲಬುರಗಿಗೆ ಕಳಿಸಿ ಇನ್ನೊಂದು ಟ್ಯೂಶನ್ ಹಚ್ಚೋಣ ಎಂದು ನಾವು ರೊಕ್ಕ ಹೊಂದಿಸುತ್ತಿದ್ದೆವು. ನಮ್ಮ ಮನೆಯವರು ತಡೆದರು. ಅವರು ಓದಿದ್ದು ಮೂರನೆಯ ಇಯತ್ತೆ. ಮಗನಿಗೆ ಹೇಳಿದರು: "ತಮ್ಮಾ, ನನಗ ಸಾಲಿ ಬಿಡಿಸ್ಯಾರ. ದಿನಾ ರಾತ್ರಿ ಒಂದು ಲೆಕ್ಕ ನನಗ ಹೇಳಿಕೊಡು."

ನಮ್ಮ ಭಾಗದ ಮನೆಗಳಲ್ಲಿ ನೆಲಕ್ಕೆ ಶಹಾಬಾದ ಫರಸಿ ಹಾಕಿರುತ್ತೇವೆ. ಅಷ್ಟು ದೊಡ್ಡ ಪಾಟಿ ಯಾವ ಸಾಲಿಯಲ್ಲೂ ಇಲ್ಲ. ರೊಟ್ಟಿ ಕೆಲಸ ಮುಗಿದ ಮೇಲೆ ಅವ್ವ, ಮಗ ಇಬ್ಬರೂ ನೆಲದ ಮೇಲೆ ಕುಂತು ಸುಣ್ಣದ ಕಡ್ಡಿಯಲ್ಲಿ ಲೆಕ್ಕ ಬರೆಯುವುದು, ಹಸಿ ಅರಿವೆಯಿಂದ ಒರೆಸುವುದು. ಅವರಿಗೆ ಲೆಕ್ಕ ಬರುವುದಿಲ್ಲ, ಆದರೆ ಒಂದು ಮಾತು ಬರುತ್ತದೆ: "ಇದು ಹ್ಯಾಂಗ ಬಂತು?" ಮಗ "ಅದು ಸೂತ್ರ" ಅಂದರೆ ಬಿಡುತ್ತಿರಲಿಲ್ಲ. "ಸೂತ್ರ ಹ್ಯಾಂಗ ಬಂತು?" ಹುಡುಗ ತಡವರಿಸುತ್ತಿದ್ದ, ಸಿಟ್ಟಾಗುತ್ತಿದ್ದ, ಒಂದು ದಿನ ಸುಣ್ಣದ ಕಡ್ಡಿ ಒಗೆದು ಎದ್ದು ಹೋದ. ಅವರು ಕರೆಯಲಿಲ್ಲ, ಲೆಕ್ಕ ಒರೆಸಲೂ ಇಲ್ಲ. ನಡುರಾತ್ರಿ ಎದ್ದು ನೋಡಿದರೆ ಹುಡುಗ ಟ್ರಂಕಿನಿಂದ ತನ್ನ ಏಳನೆಯ ಇಯತ್ತೆಯ ಹಳೆಯ ಪುಸ್ತಕ ತೆಗೆದು ಭಿನ್ನರಾಶಿ ನೋಡುತ್ತಿದ್ದ. ಹತ್ತನೆಯದರಲ್ಲಿ ನಪಾಸಾದವನಿಗೆ ತನ್ನ ಗಂಟು ಏಳನೆಯದರಲ್ಲಿದೆ ಎಂದು ಯಾರೂ ಹೇಳಿರಲಿಲ್ಲ. ಅವನೇ ಕಂಡುಹಿಡಿದ.

ಆಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಇತ್ತಲ್ಲ, ಜೂನಿನ ಪರೀಕ್ಷೆ-2ಕ್ಕೆ ಕುಂತ. ಮತ್ತೆ ನಪಾಸು. ಸಿನಿಮಾದಲ್ಲಾದರೆ ಇಲ್ಲಿ ಪಾಸಾಗಬೇಕಿತ್ತು. ನಮಗೆ ಧೈರ್ಯ ಹೋಯಿತು, ಅವರಿಬ್ಬರಿಗೂ ಹೋಗಲಿಲ್ಲ. ಆಗಸ್ಟಿನ ಪರೀಕ್ಷೆ-3ರಲ್ಲಿ 38 ಅಂಕ ಬಂತು. ಊರಲ್ಲಿ 38ಕ್ಕೆ ಯಾರೂ ಪೇಢೆ ಹಂಚುವುದಿಲ್ಲ, ನಾವು ಹಂಚಿದೆವು. ಅದರಲ್ಲಿ ಒಂದು ಅಂಕವೂ ಬೇರೆಯವರದಲ್ಲ.

ಆ ಗೊಬ್ಬರದ ಚೀಲವನ್ನೂ ಅವನು ಬಿಡಲಿಲ್ಲ. ಐವತ್ತು ಕಿಲೋ ಚೀಲದಲ್ಲಿ ಶೇಕಡಾ 18 ಸಾರಜನಕ ಅಂದರೆ 9 ಕಿಲೋ, ಶೇಕಡಾ 46 ರಂಜಕ ಅಂದರೆ 23 ಕಿಲೋ. ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂದು ಶಿಫಾರಸು. ಎಕರೆಗೆ ಬಂದರೆ ಹತ್ತು ಮತ್ತು ಇಪ್ಪತ್ತು. ಇಪ್ಪತ್ತು ಕಿಲೋ ರಂಜಕಕ್ಕೆ ನಲವತ್ಮೂರೂವರೆ ಕಿಲೋ ಡಿಎಪಿ ಸಾಕು. ಐದು ಎಕರೆಗೆ ಐದು ಚೀಲ ಒಯ್ಯುವ ಅಪ್ಪನಿಗೆ ಮಗ ಹೇಳಿದ, "ನಾಲ್ಕೂವರೆ ಚೀಲನೂ ಬೇಕಾಗೋದಿಲ್ಲ ಅಪ್ಪಾ." ಆಗ ಚೀಲಕ್ಕೆ 1,350 ರೂಪಾಯಿ ಇತ್ತು. ಲೆಕ್ಕದ ಬೆಲೆ ಎಷ್ಟು ಎಂದು ನಮಗೆ ಅವತ್ತು ತಿಳಿಯಿತು. ಸಂಘದ ಗೊಬ್ಬರದ ವ್ಯಾಪಾರ ಕಡಿಮೆಯಾದರೆ ಕಾರ್ಯದರ್ಶಿಗಳು ಸಿಟ್ಟಾಗಬಾರದು.

ಇನ್ನು "ನಮಗ ಓದಾಕ ಬರೋದಿಲ್ಲ, ನಾವು ಏನು ಕಲಿಸೋಣ" ಎನ್ನುವ ತಾಯಂದಿರಿಗೆ ಒಂದು ಮಾತು. ನಮ್ಮ ನೆರೆಯ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಈ ನಾಡಿನ ಜನ ಕುಂತು ಓದದಿದ್ದರೂ ಕಾವ್ಯದಲ್ಲಿ ನುರಿತವರು ಎಂದು ಅದರಲ್ಲಿ ಹೊಗಳಿದ್ದಾರೆ. ಕಾಗಿಣಾ ದಂಡೆಯ ಈ ಮಾತು ನಮ್ಮ ಅವ್ವಂದಿರಿಗೇ ಹೇಳಿದಂಗ ಅದ. ಹಾಗೆಂದು ಓದು ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಅಕ್ಷರ ಬಾರದವರೂ ಮಗುವಿನ ಎದುರು ಕುಂತು ಕೇಳಬಲ್ಲರು ಎಂಬಷ್ಟೇ ನಮ್ಮ ಮಾತು. ಮಗು ಓದಿದ ಪಾಠ ನಿಮಗೆ ಕಥೆಯಾಗಿ ಹೇಳಲಿ. ನಿಮಗೆ ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ. ನಿಮಗೆ ತಿಳಿಯುವಂತೆ ಹೇಳಬೇಕಾದರೆ ಮೊದಲು ಅದಕ್ಕೆ ತಿಳಿಯಬೇಕಾಗುತ್ತದೆ.

'ಗೊತ್ತಿಲ್ಲ' ಎನ್ನುವುದು ನಮ್ಮಂಥ ಗಂಡಸರಿಗೆ ಬಹಳ ಕಷ್ಟ. ನಮ್ಮ ಸಣ್ಣಮಗಳು ಒಮ್ಮೆ ಕೇಳಿದಳು: "ಅಪ್ಪಾ, ಈ ಫರಸಿ ಕಲ್ಲು ಪುಸ್ತಕದ ಹಾಳಿ ಹಂಗ ಪದರ ಪದರ ಯಾಕ ಬರ್ತದ?" ದೊಡ್ಡವರಿಗೆ ಇಂಥ ಹೊತ್ತಿಗೆ ಎರಡು ಉತ್ತರ ತಯಾರಿರುತ್ತವೆ. ಒಂದು, ದೇವರು ಮಾಡ್ಯಾನ. ಇನ್ನೊಂದು, ಸುಮ್ಮ ಕುಂದ್ರು. ಈ ಸಲ ನಾವು "ಗೊತ್ತಿಲ್ಲವ್ವಾ, ನೀ ತಿಳ್ಕೊಂಡು ಬಂದು ನಮಗೂ ಹೇಳು" ಅಂದೆವು. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ, ನಮ್ಮಲ್ಲಿ ಎಷ್ಟು ಪಾಲಕರು ಮಕ್ಕಳ ಹೆಸರು ಹಚ್ಚಿದ್ದೇವೆ? ಅವಳು ಗ್ರಂಥಾಲಯದಲ್ಲಿ ಹುಡುಕಿದಳು, ಸಿಗಲಿಲ್ಲ, ವಿಜ್ಞಾನದ ಬಾಯವರನ್ನು ಕೇಳಿದಳು. ಎಂಟು ದಿನ ಹಿಡಿಯಿತು. ಬಂದು ಹೇಳಿದಳು, ಕೋಟಿಗಟ್ಟಲೆ ವರ್ಷಗಳ ಹಿಂದೆ ನಮ್ಮ ಈ ನೆಲ ಕಡಿಮೆ ಆಳದ ಸಮುದ್ರವಾಗಿತ್ತಂತೆ, ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕುಂತು ಕಲ್ಲಾಯಿತಂತೆ, ಅದೇ ಸುಣ್ಣದ ಕಲ್ಲು ಇರುವುದರಿಂದಲೇ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಬಂದವಂತೆ. ನಾವು ದಿನಾ ಊಟಕ್ಕೆ ಕುಂದ್ರುವುದು ಸಮುದ್ರದ ತಳದ ಮೇಲೆ ಎಂದು ನಮಗೆ ಹೇಳಿದವಳು ಏಳನೆಯ ಇಯತ್ತೆಯ ಹುಡುಗಿ. ಅವತ್ತು ನಾವೇ ಉತ್ತರ ಹೇಳಿದ್ದರೆ ಅವಳು ಎಂಟು ನಿಮಿಷದಲ್ಲಿ ಮರೆಯುತ್ತಿದ್ದಳು.

ಅದೇ ಹುಡುಗಿ ಮುಂದಿನ ರಾಶಿಯ ಹೊತ್ತಿಗೆ ತೊಗರಿ ಪಟ್ಟಿ ಕೈಗೆ ತೆಗೆದುಕೊಂಡಳು. ಏಳು ಕ್ವಿಂಟಲ್ ನಲವತ್ತು ಕಿಲೋ, ಕ್ವಿಂಟಲಿಗೆ 7,200ರಂತೆ 53,280 ಆಗಬೇಕು. ಹಮಾಲಿ ಕಳೆಯುವ ಮೊದಲೇ ಪಟ್ಟಿಯಲ್ಲಿ 52,780 ಇತ್ತು. ವ್ಯಾಪಾರಿ ಕಣ್ತಪ್ಪು ಅಂದರು, ತಿದ್ದಿ ಕೊಟ್ಟರು. ಇರಬಹುದು. ಇಷ್ಟು ವರ್ಷ ನಾವು ಪಟ್ಟಿ ಮಡಚಿ ಕಿಸೆಗೆ ಹಾಕಿಕೊಂಡು ಬರುತ್ತಿದ್ದೆವು, ಎಷ್ಟು ಕಣ್ತಪ್ಪು ಆಗಿದ್ದವೋ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೊಲ, ಸಂತೆಯಿಂದ ಮಕ್ಕಳು ಕಲಿಯುತ್ತಾರೆ ಎಂದದ್ದನ್ನು ಹಿಡಿದುಕೊಂಡು ಹೆಸರು ಬಿಡಿಸಲು, ಹತ್ತಿ ಬಿಡಿಸಲು, ತೊಗರಿ ಕೊಯ್ಲಿಗೆ ಮಕ್ಕಳನ್ನು ಸಾಲಿ ಬಿಡಿಸಿ ಕರೆದೊಯ್ದರೆ ಅದು ಕಲಿಕೆಯಲ್ಲ, ಕೂಲಿ ಉಳಿಸುವ ಲೆಕ್ಕ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. ಹುಡುಗ ಸಾಲಿಯಿಂದ ಬಂದರೆ ಓದು ಅನ್ನುತ್ತೇವೆ, ಹುಡುಗಿ ಬಂದರೆ ಮುಸುರಿ ತಿಕ್ಕು, ತಮ್ಮನ್ನ ಎತ್ಕೊ ಅನ್ನುತ್ತೇವೆ. ಹುಡುಗಿ ತಾನಾಗಿ ಕಲಿಯಬೇಕಾದರೆ ಅವಳಿಗೆ ತನ್ನದು ಎನ್ನುವ ಒಂದು ತಾಸಾದರೂ ಬೇಡವೇ? ಆ ತಾಸು ಮುಸುರಿ ಯಾರು ತಿಕ್ಕಬೇಕು ಎಂದು ನಾವು ಇಲ್ಲಿ ಹೇಳಿದರೆ ಗಂಡಸರು ಎದ್ದು ಹೋಗುತ್ತೀರಿ. ನಮ್ಮ ಮನೆಯಲ್ಲಿ ನಿರ್ದೇಶಕರೇ ತಿಕ್ಕುತ್ತಾರೆ.

ತಾನಾಗಿ ಕಲಿಯುವ ಶಕ್ತಿ ಯಾಕೆ ಬೇಕು ಎಂಬುದನ್ನು ಕೊರೊನಾ ತೋರಿಸಿಕೊಟ್ಟಿತು. 2020ರ ಮಾರ್ಚಿನಲ್ಲಿ ಸಾಲಿ ಮುಚ್ಚಿದವು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂದು ಶಿಕ್ಷಕರೇ ಊರಿಗೆ, ಓಣಿಗೆ ಬಂದು ಗುಡಿ ಕಟ್ಟೆ, ಸಮುದಾಯ ಭವನದಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಅವರ ಋಣ ದೊಡ್ಡದು. ಆಮೇಲೆ ನಮ್ಮ ಓಣಿಯಲ್ಲಿ ಕಂಡದ್ದು ಇಷ್ಟು: ಓದಿ ತಿಳಿದುಕೊಳ್ಳಲು ಬರುತ್ತಿದ್ದ ನಾಲ್ಕೈದು ಮಕ್ಕಳು ಹಳೆಯ ಪುಸ್ತಕ ಹಂಚಿಕೊಂಡು ಮುಂದೆ ಹೋದರು, ಸಣ್ಣವರಿಗೂ ಹೇಳಿಕೊಟ್ಟರು. ಹೇಳಿಸಿಕೊಂಡೇ ರೂಢಿಯಾದ ಮಕ್ಕಳು ಕಲಿತ ಅಕ್ಷರವನ್ನೂ ಮರೆತರು. ಕೈಯಲ್ಲಿ ಮೊಬೈಲು ಎರಡೂ ಕಡೆ ಇತ್ತು. ಈಗಂತೂ ಮೊಬೈಲು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಬರೆದೂ ಕೊಡುತ್ತದೆ. ಅದು ಹೊಸ ಗೈಡು, ಅಷ್ಟೇ. ಮಗು ಅದರಲ್ಲಿ ನೋಡಬಾರದು ಎಂದು ನಾವು ಅನ್ನುವುದಿಲ್ಲ. ನೋಡಿದ ಮೇಲೆ ಮೊಬೈಲು ಮಗ್ಗುಲಿಗೆ ಇಟ್ಟು ಅವ್ವನಿಗೆ ತನ್ನ ಮಾತಿನಲ್ಲಿ ಹೇಳಲಿ. ಅವ್ವ "ಹ್ಯಾಂಗ ಬಂತು?" ಎಂದು ಕೇಳಲಿ.

ಹೊತ್ತಾಯಿತು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೊನೆಗೆ ಸಂಘದ ಕಡೆಯಿಂದ ಒಂದು ಸೂಚನೆ. ಆಡಳಿತ ಮಂಡಳಿಯ ಸಭೆಯಲ್ಲಿ ಒಪ್ಪಿಗೆಯಾದಂತೆ, ಮುಂದಿನ ಸೋಮವಾರದಿಂದ ಸಂಘದ ಪಡಸಾಲಿ ಸಂಜೆ ಆರರಿಂದ ಎಂಟರ ತನಕ ಮಕ್ಕಳಿಗೆ ತೆರೆದಿರುತ್ತದೆ. ನೆಲ ಫರಸಿಯದೇ, ಸುಣ್ಣದ ಕಡ್ಡಿ ಸಂಘದ್ದು, ಲೈಟಿನ ಬಿಲ್ಲೂ ಸಂಘದ್ದು. ಪಾಠ ಹೇಳುವವರು ಯಾರೂ ಇರುವುದಿಲ್ಲ, ಟ್ಯೂಶನ್ ಎಂದು ತಿಳಿಯಬೇಡಿ. ಐದರಿಂದ ಹತ್ತನೆಯ ಇಯತ್ತೆಯ ತನಕದ ಹಳೆಯ ಪುಸ್ತಕ ಮನೆಯಲ್ಲಿ ಇದ್ದರೆ ರದ್ದಿಗೆ ಹಾಕದೆ ತಂದುಕೊಡಿ. ದಿನಾ ಇಬ್ಬರು ಪಾಲಕರು ಸರದಿ ಪ್ರಕಾರ ಬಂದು ಕುಂದ್ರಬೇಕು, ಓದಲು ಬಾರದವರು ಬಂದರೆ ಇನ್ನೂ ಒಳ್ಳೆಯದು. ಹೆಸರು ಬರೆಸುವ ವಹಿ ಕಾರ್ಯದರ್ಶಿಗಳ ಹತ್ತಿರ ಇದೆ. ಮೊದಲನೆಯ ಹೆಸರು ನಮ್ಮ ಮನೆಯವರದು, ಎರಡನೆಯ ಸಾಲು ಖಾಲಿ ಇದೆ.